ವೀಣೆಯ ಊರು ವಾರ್ಡಿಗೂ ಬರಲಿ

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದ ಈ ಸಂಸ್ಥೆಯನ್ನು ಊರಿನವರು ‘ಸ್ಪೀಚ್ ಅಂಡ್ ಹಿಯರಿಂಗ್’ ಎಂದೇ ಕರೆಯುತ್ತಾರೆ. ಮಾತು ಬಾರದ ಮಕ್ಕಳು, ಕಿವಿ ಕೇಳದ ಮಕ್ಕಳು, ಉಗ್ಗುವ ಹುಡುಗರು, ಲಕ್ವ ಹೊಡೆದು ಮಾತು ಕಳೆದುಕೊಂಡ ಹಿರಿಯರು ದೂರದೂರದ ಊರುಗಳಿಂದ ಇಲ್ಲಿಗೆ ಬರುತ್ತಾರೆ. ಅಲ್ಲಿಂದ ಲಕ್ಷ್ಮೀಪುರಂ ಕಡೆಗೆ ಬಂದರೆ ಡಾ. ಗಂಗೂಬಾಯಿ ಹಾನಗಲ್ ಹೆಸರಿನ ರಾಜ್ಯ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ. ಊರ ನಡುವೆ, 1924ರಲ್ಲಿ ಹುಟ್ಟಿದ ಮೈಸೂರು ಮೆಡಿಕಲ್ ಕಾಲೇಜು ಮತ್ತು ಅದರ ಕೆ.ಆರ್. ಆಸ್ಪತ್ರೆ. ಮಾತಿನ ಚಿಕಿತ್ಸೆ, ಸಂಗೀತ, ವೈದ್ಯ ಮೂರೂ ಒಂದು ಆಟೊ ಹತ್ತಿ ಇಳಿಯುವಷ್ಟು ದೂರದಲ್ಲಿವೆ.

ಇದರ ಮೇಲೆ ಪರಂಪರೆಯ ಬಲ. ವೀಣೆ ಶೇಷಣ್ಣ, ವೀಣೆ ಸುಬ್ಬಣ್ಣ, ವೆಂಕಟಗಿರಿಯಪ್ಪ, ದೊರೆಸ್ವಾಮಿ ಅಯ್ಯಂಗಾರ್, ಬಿಡಾರಂ ಕೃಷ್ಣಪ್ಪ, ಅವರ ಶಿಷ್ಯ ಪಿಟೀಲು ಚೌಡಯ್ಯ, ವಾಸುದೇವಾಚಾರ್ಯರು. ಗಣೇಶನ ಹಬ್ಬ ಬಂತೆಂದರೆ ಒಂಟಿಕೊಪ್ಪಲಿನ ಎಂಟನೇ ಕ್ರಾಸಿನಲ್ಲಿ ದಿನಗಟ್ಟಲೆ ಕಛೇರಿ. ದಸರೆಗೆ ಅರಮನೆಯ ಮುಂದೆ. ಉಳಿದ ದಿನಗಳಲ್ಲಿ ಕುವೆಂಪುನಗರದ ವೀಣೆ ಶೇಷಣ್ಣ ಭವನ, ಜೆ.ಎಲ್.ಬಿ. ರಸ್ತೆಯ ನಾದಬ್ರಹ್ಮ ಸಂಗೀತ ಸಭಾ. ಈ ಊರಿನಲ್ಲಿ ವಿದ್ವಾಂಸರ ಮಾತಿಗೆ ತೂಕವಿದೆ. ಅವರು ವೇದಿಕೆಯ ಮೇಲೆ ಆಡಿದ ಮಾತನ್ನು ರಸಿಕರು ಮನೆಗೆ ಒಯ್ಯುತ್ತಾರೆ, ನೆರೆಮನೆಯವರಿಗೂ ಹೇಳುತ್ತಾರೆ. ಹಾಗಾಗಿ ಸಂಗೀತ ಚಿಕಿತ್ಸೆಯ ಬಗ್ಗೆ ನಮ್ಮ ವಿದ್ವಾಂಸರು ಏನು ಹೇಳುತ್ತಾರೆ, ಅದಕ್ಕಾಗಿ ಏನು ಮಾಡುತ್ತಾರೆ ಎಂಬುದು ಸಣ್ಣ ವಿಷಯವಲ್ಲ.

ಮೈಸೂರಿನಲ್ಲಿ ಈ ಮಾತು ಎತ್ತಿದ ಕೂಡಲೇ ಬಹಳ ಮಂದಿಗೆ ನೆನಪಾಗುವುದು ಊಟಿ ರಸ್ತೆಯ ಅವಧೂತ ದತ್ತ ಪೀಠ. ಶ್ರೀ ಗಣಪತಿ ಸಚ್ಚಿದಾನಂದ ಸ್ವಾಮೀಜಿ ಧ್ಯಾನಕ್ಕಾಗಿ, ರೋಗ ಶಮನಕ್ಕಾಗಿ ಸಂಗೀತ ಎಂಬ ನಂಬಿಕೆಯಿಂದ ದಶಕಗಳಿಂದ ಕಛೇರಿ ನಡೆಸುತ್ತ ಬಂದಿದ್ದಾರೆ. ಸಿಂಥಸೈಸರ್ ಮುಂದೆ ಸ್ವಾಮೀಜಿ, ಅಕ್ಕಪಕ್ಕದಲ್ಲಿ ಪಿಟೀಲು, ಮೃದಂಗ, ತಬಲಾ ಹಿಡಿದ ನುರಿತ ಕಲಾವಿದರು. ಆಶ್ರಮದ ನಾದಮಂಟಪದಿಂದ ಹೊರಟ ಈ ಸಂಗೀತ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನವರೆಗೂ ಹೋಗಿದೆ. ಸಂಗೀತಕ್ಕೂ ಆರೋಗ್ಯಕ್ಕೂ ನಂಟಿದೆ ಎಂಬ ವಿಚಾರ ಈ ಊರಿನ ಸಾಮಾನ್ಯರ ಮನಸ್ಸಿನಲ್ಲಿ ಬೇರೂರಿದ್ದರೆ ಅದರಲ್ಲಿ ಆಶ್ರಮದ ಪಾಲು ದೊಡ್ಡದು. ಅಲ್ಲಿ ಕೂತು ಕೇಳಿ ಮನಸ್ಸು ಹಗುರ ಮಾಡಿಕೊಂಡು ಎದ್ದುಹೋದವರ ಅನುಭವವನ್ನು ನಾನು ಗೌರವಿಸುತ್ತೇನೆ.

ಆದರೆ ಸಾವಿರ ಜನ ಒಟ್ಟಿಗೆ ಕೂತು ಕೇಳುವ ಕಛೇರಿ ಬೇರೆ, ಒಬ್ಬ ರೋಗಿಯ ಮುಂದೆ ಕೂತು ವಾರಗಟ್ಟಲೆ ನಡೆಸುವ ಚಿಕಿತ್ಸೆ ಬೇರೆ. ಮೊದಲನೆಯದರಿಂದ ಸಮಾಧಾನ ಸಿಗುತ್ತದೆ, ಭಕ್ತಿ ಹುಟ್ಟುತ್ತದೆ. ಎರಡನೆಯದಕ್ಕೆ ಗುರಿ ಇರಬೇಕು. ಈ ಹೆಂಗಸು ಇನ್ನೆರಡು ತಿಂಗಳಲ್ಲಿ ತನ್ನ ಮಗನ ಹೆಸರು ಹೇಳುವಂತಾಗಬೇಕು, ಈ ಅಜ್ಜ ಬೀಳದೆ ಬಚ್ಚಲುಮನೆಗೆ ನಡೆಯುವಂತಾಗಬೇಕು, ಇಂಥ ಗುರಿ. ಆದದ್ದು ಎಷ್ಟು, ಆಗದೇ ಉಳಿದದ್ದು ಎಷ್ಟು ಎಂದು ಬರೆದಿಡಬೇಕು. ಅದನ್ನು ಕಲಿತವರೇ ಮಾಡಬೇಕು. ಇವೆರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಎರಡಕ್ಕೂ ನಷ್ಟ.

ದಕ್ಷಿಣದ ದೊಡ್ಡ ಸಂಗೀತಗಾರರೂ ಈ ವಿಷಯವನ್ನು ಕೈಗೆತ್ತಿಕೊಂಡದ್ದುಂಟು. ಪಿಟೀಲು ವಿದ್ವಾಂಸ ಕುನ್ನಕ್ಕುಡಿ ವೈದ್ಯನಾಥನ್ ಚೆನ್ನೈಯಲ್ಲಿ ರಾಗ ಸಂಶೋಧನ ಕೇಂದ್ರ ಕಟ್ಟಿದರು. ಬಾಲಮುರಳಿಕೃಷ್ಣ ತಮ್ಮ ಟ್ರಸ್ಟಿನ ಉದ್ದೇಶಗಳಲ್ಲಿ ಸಂಗೀತ ಚಿಕಿತ್ಸೆಯ ಸಂಶೋಧನೆಯನ್ನೂ ಸೇರಿಸಿದ್ದರು. ಮುತ್ತುಸ್ವಾಮಿ ದೀಕ್ಷಿತರು ಶಿಷ್ಯನೊಬ್ಬನ ಹೊಟ್ಟೆನೋವಿಗೆ ಗುರುಗ್ರಹದ ಮೇಲೆ ಅಠಾಣದಲ್ಲಿ ಕೃತಿ ಮಾಡಿಕೊಟ್ಟರು, ಹಾಡುತ್ತ ಹಾಡುತ್ತ ನೋವು ವಾಸಿಯಾಯಿತು ಎಂಬ ಕಥೆಯನ್ನು ಕೇಳದ ಸಂಗೀತದ ವಿದ್ಯಾರ್ಥಿ ಇರಲಿಕ್ಕಿಲ್ಲ. ಕಥೆ ಸೊಗಸಾಗಿದೆ. ಗುರುವಿಗೆ ಶಿಷ್ಯನ ಮೇಲಿದ್ದ ಅಂತಃಕರಣ ಅದರಲ್ಲಿ ಕಾಣುತ್ತದೆ. ಅದನ್ನು ಔಷಧದ ಚೀಟಿಯಾಗಿ ಓದಿಕೊಂಡಾಗ ತೊಂದರೆ ಶುರುವಾಗುತ್ತದೆ.

ಶುರುವಾಗಿಯೂ ಇದೆ. ಈ ರಾಗ ಬಿ.ಪಿ.ಗೆ, ಆ ರಾಗ ಸಕ್ಕರೆ ಕಾಯಿಲೆಗೆ, ಮತ್ತೊಂದು ನಿದ್ದೆಗೆ ಎಂಬ ಪಟ್ಟಿಗಳು ವಾಟ್ಸಾಪಿನಲ್ಲಿ ಸುತ್ತುತ್ತಲೇ ಇರುತ್ತವೆ. ಒಂದು ರಾಗಕ್ಕೆ ಒಂದು ರೋಗ ಎಂದು ಗಂಟು ಹಾಕುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಇದನ್ನು ಯಾವ ವೈದ್ಯರಿಗಿಂತಲೂ ಚೆನ್ನಾಗಿ ವಿವರಿಸಬಲ್ಲವರು ಸಂಗೀತಗಾರರೇ. ಇಬ್ಬರು ವಿದ್ವಾಂಸರ ತೋಡಿ ಒಂದೇ ಅಲ್ಲ. ಅದೇ ತೋಡಿ ಚೌಕಕಾಲದಲ್ಲಿ ಒಂದು, ಮಧ್ಯಮ ಕಾಲದಲ್ಲಿ ಇನ್ನೊಂದು. ಶ್ರುತಿ, ಕಂಠ, ಕಾಲಪ್ರಮಾಣ, ಕೇಳುವವನ ನೆನಪು ಎಲ್ಲವೂ ಸೇರಿ ರಾಗ ಒಬ್ಬನೊಳಗೆ ಇಳಿಯುತ್ತದೆ. ಹೀಗಿರುವಾಗ ರಾಗವನ್ನು ಮಾತ್ರೆಯ ಹಾಗೆ ಹಂಚುವುದು ರಾಗಕ್ಕೇ ಅನ್ಯಾಯ. ವಿದ್ವಾಂಸರು ವೇದಿಕೆಯ ಮೇಲಿಂದಲೇ ಇದನ್ನು ಸ್ಪಷ್ಟವಾಗಿ ಹೇಳಬೇಕು. ಬಿ.ಪಿ. ಮಾತ್ರೆಯನ್ನು ನಿಲ್ಲಿಸಬೇಡಿ, ಸಂಗೀತವನ್ನೂ ಬಿಡಬೇಡಿ ಎಂದು.

ಕಛೇರಿಯಿಂದ ಕಲಿಕೆಗೆ

ಸಂಗೀತ ಚಿಕಿತ್ಸೆ ಒಂದು ವೃತ್ತಿಯಾಗಿ ಬೆಳೆದದ್ದರ ಹಿಂದೆ ಸಂಗೀತಗಾರರೇ ಇದ್ದಾರೆ. ಎರಡು ಮಹಾಯುದ್ಧಗಳ ನಂತರ ಅಮೆರಿಕದ ಸೈನಿಕರ ಆಸ್ಪತ್ರೆಗಳಿಗೆ ಸಂಗೀತಗಾರರು ಹೋಗಿ ಹಾಡುತ್ತಿದ್ದರು, ನುಡಿಸುತ್ತಿದ್ದರು. ಗಾಯಾಳುಗಳಲ್ಲಿ ಆದ ಬದಲಾವಣೆಯನ್ನು ಕಂಡ ವೈದ್ಯರು ಅವರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಮುಂದಾದರು. ಆಗ ಒಂದು ಸಂಗತಿ ಬೇಗ ತಿಳಿಯಿತು: ಒಳ್ಳೆಯ ಸಂಗೀತಗಾರನಾದ ಮಾತ್ರಕ್ಕೆ ರೋಗಿಯ ಮುಂದೆ ಏನು ಮಾಡಬೇಕೆಂದು ತಿಳಿದಿರುವುದಿಲ್ಲ. 1944ರಲ್ಲಿ ಮಿಷಿಗನ್‌ನಲ್ಲಿ ಮೊದಲ ಪದವಿ ಕೋರ್ಸ್ ಶುರುವಾಯಿತು, 1950ರಲ್ಲಿ ರಾಷ್ಟ್ರೀಯ ಸಂಘ ಹುಟ್ಟಿತು. ಈಗ ಅಲ್ಲಿ ಸಂಗೀತ ಚಿಕಿತ್ಸಕರಾಗಬೇಕಾದರೆ ಪದವಿಯ ಜೊತೆಗೆ 1,200 ಗಂಟೆಗಳ ಪ್ರಾಯೋಗಿಕ ತರಬೇತಿ ಮುಗಿಸಬೇಕು.

ಬ್ರಿಟನ್ನಿನಲ್ಲಿ ಈ ಕೆಲಸಕ್ಕೆ ಅಡಿಪಾಯ ಹಾಕಿದವರಲ್ಲಿ ಮುಖ್ಯರು ಜೂಲಿಯೆಟ್ ಆಲ್ವಿನ್. ಪಾಬ್ಲೊ ಕಸಾಲ್ಸ್ ಬಳಿ ಕಲಿತ ಚೆಲ್ಲೊ ವಾದಕಿ. 1958ರಲ್ಲಿ ಸಂಗೀತ ಚಿಕಿತ್ಸೆಯ ಸಂಘ ಕಟ್ಟಿದರು, ಹತ್ತು ವರ್ಷಗಳ ಮೇಲೆ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯಲ್ಲಿ ಕೋರ್ಸ್ ಆರಂಭಿಸಿದರು. ಕಛೇರಿಯ ವೇದಿಕೆಯಲ್ಲೇ ಹೆಸರು ಮಾಡಬಹುದಾಗಿದ್ದವರು ಮಕ್ಕಳ ಮುಂದೆ ನೆಲದ ಮೇಲೆ ಕೂತರು. ಅಮೆರಿಕದ ಸಂಯೋಜಕ ಪಾಲ್ ನಾರ್ಡಾಫ್ ವಿಶೇಷ ಮಕ್ಕಳ ಶಿಕ್ಷಕ ಕ್ಲೈವ್ ರಾಬಿನ್ಸ್ ಜೊತೆ ಸೇರಿ 1959ರಿಂದ ಬೆಳೆಸಿದ ಪದ್ಧತಿಗೆ ಇಬ್ಬರ ಹೆಸರೂ ಉಳಿದಿದೆ. ಅವರ ಹೆಸರಿನ ಬ್ರಿಟಿಷ್ ಸಂಸ್ಥೆಗಾಗಿ 1990ರಲ್ಲಿ ನೆಬ್‌ವರ್ತ್‌ನಲ್ಲಿ ಪಿಂಕ್ ಫ್ಲಾಯ್ಡ್, ಪಾಲ್ ಮೆಕಾರ್ಟ್ನಿ, ಎಲ್ಟನ್ ಜಾನ್, ಎರಿಕ್ ಕ್ಲಾಪ್ಟನ್ ಒಂದೇ ದಿನ ಹಾಡಿ ಹಣ ಕೂಡಿಸಿಕೊಟ್ಟರು. ಚಿಕಿತ್ಸೆ ಮಾಡುವುದು ತಮ್ಮ ಕೆಲಸ ಎಂದು ಅವರು ಹೇಳಲಿಲ್ಲ. ಮಾಡುವವರಿಗೆ ಸಂಬಳ ಬರುವ ಹಾಗೆ ನೋಡಿಕೊಂಡರು.

ಮಿಕಿ ಹಾರ್ಟ್ ಎಂಬ ಡ್ರಮ್ ವಾದಕ 1991ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಹೋಗಿ, ವೃದ್ಧರ ಆರೈಕೆಯಲ್ಲಿ ಲಯಕ್ಕೆ ಎಂಥ ಸ್ಥಾನವಿದೆ ಎಂದು ಸಾಕ್ಷ್ಯ ನುಡಿದರು. ನರವೈದ್ಯ ಆಲಿವರ್ ಸಾಕ್ಸ್ ಅದೇ ವಿಚಾರಣೆಯಲ್ಲಿ ಮಾತಾಡಿದರು. ಈಚಿನ ವರ್ಷಗಳಲ್ಲಿ ಒಪೆರಾ ಗಾಯಕಿ ರೆನೆ ಫ್ಲೆಮಿಂಗ್ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಜೊತೆ ಕೈಜೋಡಿಸಿದ್ದರಿಂದ 2019ರಲ್ಲಿ ಸಂಗೀತ ಮತ್ತು ಮಿದುಳಿನ ಸಂಶೋಧನೆಗೆ 2 ಕೋಟಿ ಡಾಲರ್ ನೆರವು ಹೊರಬಂತು. ಖ್ಯಾತರು ಹೋಗಿ ಬಾಗಿಲು ತಟ್ಟಿದರೆ ಸರ್ಕಾರಗಳು ಬೇಗ ತೆರೆಯುತ್ತವೆ.

ಯೆಹೂದಿ ಮೆನುಹಿನ್ ಅವರ ಹೆಸರನ್ನು ಇಲ್ಲಿ ಎತ್ತಲೇಬೇಕು, ಅವರ ಕಥೆಯ ಎಳೆಯೊಂದು ಮೈಸೂರಿನಿಂದ ಬಂದದ್ದು. ಪಿಟೀಲು ಹಿಡಿದೂ ಹಿಡಿದೂ ಮೈ ದಣಿದಿದ್ದ ಮೆನುಹಿನ್ 1952ರಲ್ಲಿ ಭಾರತಕ್ಕೆ ಬಂದಾಗ ಬಿ.ಕೆ.ಎಸ್. ಅಯ್ಯಂಗಾರ್ ಅವರಿಂದ ಯೋಗ ಕಲಿತರು. ಅಯ್ಯಂಗಾರ್ ಹುಡುಗನಾಗಿದ್ದಾಗ ಯೋಗ ಕಲಿತದ್ದು ಮೈಸೂರಿನಲ್ಲಿ, ಕೃಷ್ಣಮಾಚಾರ್ಯರ ಕೈಕೆಳಗೆ. ಅದೇ ಮೆನುಹಿನ್ 1977ರಲ್ಲಿ ‘ಲೈವ್ ಮ್ಯೂಸಿಕ್ ನೌ’ ಎಂಬ ಸಂಸ್ಥೆ ಕಟ್ಟಿ, ತರುಣ ಕಲಾವಿದರನ್ನು ಆಸ್ಪತ್ರೆ, ವೃದ್ಧಾಶ್ರಮ, ವಿಶೇಷ ಶಾಲೆಗಳಿಗೆ ಸಂಭಾವನೆ ಕೊಟ್ಟು ಕಳಿಸಿದರು. ಸಂಭಾವನೆ ಕೊಟ್ಟು ಎಂಬುದನ್ನು ಒತ್ತಿ ಹೇಳುತ್ತೇನೆ. ನಮ್ಮಲ್ಲಿ ಆಸ್ಪತ್ರೆಯಲ್ಲಿ ಹಾಡುವುದೆಂದರೆ ಸೇವೆ, ಸೇವೆಯೆಂದರೆ ಬಿಟ್ಟಿ ಎಂದಾಗಿದೆ. ವರ್ಷಕ್ಕೊಮ್ಮೆ ಹಣ್ಣು ಹಂಚಿ, ಎರಡು ದೇವರನಾಮ ಹಾಡಿ, ಫೋಟೊ ತೆಗೆಸಿಕೊಂಡು ಬರುವುದರಿಂದ ರೋಗಿಗೆ ಏನೂ ಆಗದು.

ಎಡಗೈಯ ತಾಳ

ಚಿಕಿತ್ಸೆ ಎಂದರೆ ನಿಜವಾಗಿ ಏನು ನಡೆಯುತ್ತದೆ? ಲಕ್ವದ ಉದಾಹರಣೆ ತೆಗೆದುಕೊಳ್ಳೋಣ. ಮಿದುಳಿನ ಎಡಭಾಗಕ್ಕೆ ಪೆಟ್ಟಾದಾಗ ಬಲಗೈ ಬಲಗಾಲು ಸೋಲುವುದರ ಜೊತೆಗೆ ಬಹಳ ಮಂದಿಗೆ ಮಾತೂ ನಿಲ್ಲುತ್ತದೆ. ಹೇಳಬೇಕಾದದ್ದು ಒಳಗೆ ಗೊತ್ತಿದೆ, ನಾಲಿಗೆಗೆ ಬರುವುದಿಲ್ಲ. ಹೀಗೆ ಮಾತು ನಿಂತವರಲ್ಲಿ ಕೆಲವರು ತಾವು ಮೊದಲೇ ಬಲ್ಲ ಹಾಡನ್ನು ಪದಗಳ ಸಮೇತ ಹಾಡಿಬಿಡುತ್ತಾರೆ. ಇದನ್ನು ವೈದ್ಯರು 18ನೇ ಶತಮಾನದಿಂದಲೂ ಕಂಡಿದ್ದಾರೆ. 1973ರಲ್ಲಿ ಬಾಸ್ಟನ್‌ನ ಸಂಶೋಧಕರು ಇದರಿಂದ ಒಂದು ಪದ್ಧತಿಯನ್ನೇ ರೂಪಿಸಿದರು. ದಿನಬಳಕೆಯ ಸಣ್ಣ ಮಾತನ್ನು ಎರಡೇ ಸ್ವರಗಳಲ್ಲಿ, ಒಂದು ಮೇಲೆ ಒಂದು ಕೆಳಗೆ, ನಿಧಾನವಾಗಿ ಎಳೆದು ಹಾಡಿಸುತ್ತಾರೆ. ಅಕ್ಷರಕ್ಕೊಂದರಂತೆ ರೋಗಿಯ ಎಡಗೈಯನ್ನು ತಟ್ಟಿಸುತ್ತಾರೆ. ಮೊದಲು ಚಿಕಿತ್ಸಕರ ಜೊತೆಯಲ್ಲಿ, ಆಮೇಲೆ ಅವರ ಹಿಂದೆ, ಆಮೇಲೆ ಒಬ್ಬರೇ. ಕೊನೆಗೆ ರಾಗವನ್ನು ಕಳಚುತ್ತ ಕಳಚುತ್ತ ಮಾತಿನ ಧಾಟಿಗೆ ತರುತ್ತಾರೆ. ‘ನೀರು ಬೇಕು’, ‘ಹೊಟ್ಟೆ ಹಸಿವು’, ‘ಬಾಗಿಲು ಹಾಕು’ ಎಂಬಷ್ಟು ಮಾತು ಮರಳಿದರೂ ಆ ಮನೆಗೆ ಅದು ದೊಡ್ಡ ಹಬ್ಬ.

ಕರ್ನಾಟಕ ಸಂಗೀತದ ಪಾಠ ಹೇಳುವವರು ಈ ವಿವರಣೆಯನ್ನು ಓದಿದರೆ ಪರಿಚಿತವಾದ ಏನನ್ನೋ ಕಾಣುತ್ತಾರೆ. ಗುರು ಮೊದಲು, ಶಿಷ್ಯ ನಂತರ. ಒಂದೊಂದು ಅಕ್ಷರಕ್ಕೆ ಒಂದೊಂದು ತಟ್ಟು. ನಾವು ಬಲಗೈಯಲ್ಲಿ ತೊಡೆ ತಟ್ಟುತ್ತೇವೆ, ಇಲ್ಲಿ ಎಡಗೈ. ಆದರೆ ಕನ್ನಡದ ಮಾತಿನ ಏರಿಳಿತ ಇಂಗ್ಲಿಷಿನದಲ್ಲ. ಮೈಸೂರಿನ ಕನ್ನಡದಲ್ಲಿ ‘ಬರ್ತೀರಾ?’ ಎನ್ನುವಾಗ ದನಿ ಎಲ್ಲಿ ಏರುತ್ತದೆ, ನಂಜನಗೂಡು ಸೀಮೆಯವರು ಅದನ್ನೇ ಕೇಳುವಾಗ ಎಲ್ಲಿ ಎಳೆಯುತ್ತಾರೆ ಎಂಬುದನ್ನು ಸ್ವರಕ್ಕೆ ಕೂರಿಸಲು ಸ್ಪೀಚ್ ಥೆರಪಿಸ್ಟ್ ಜೊತೆ ಒಬ್ಬ ಸಂಗೀತಗಾರರು ಬೇಕು. ಮಾನಸಗಂಗೋತ್ರಿಯ ಸಂಸ್ಥೆಗೆ ಮಾತಿನ ವಿದ್ಯೆ ಗೊತ್ತು. ಸ್ವರದ ವಿದ್ಯೆ ಬಲ್ಲವರು ಇದೇ ಊರಿನ ಬೀದಿಬೀದಿಗಳಲ್ಲಿದ್ದಾರೆ.

ಲಯದ ಕಥೆಯೂ ಹಾಗೆಯೇ. ಪಾರ್ಕಿನ್ಸನ್ ಕಾಯಿಲೆಯವರಿಗೆ, ಲಕ್ವದಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಒಂದೇ ಸಮನಾದ ತಾಳ ಕೇಳಿಸಿ ನಡೆಸಿದರೆ ಹೆಜ್ಜೆ ಉದ್ದವಾಗುತ್ತದೆ, ನಡಿಗೆ ಸರಿಯಾಗುತ್ತದೆ ಎಂಬುದನ್ನು ಸಂಶೋಧಕ ಮೈಕೆಲ್ ಥಾಟ್ ಮತ್ತು ಸಂಗಡಿಗರು 1990ರ ದಶಕದಲ್ಲಿ ತೋರಿಸಿಕೊಟ್ಟರು. ಮೊದಲು ರೋಗಿಯ ಸ್ವಂತ ನಡಿಗೆಯ ವೇಗ ಅಳೆಯುತ್ತಾರೆ, ತಾಳವನ್ನು ಅದಕ್ಕೆ ಹೊಂದಿಸುತ್ತಾರೆ, ಆಮೇಲೆ ಸ್ವಲ್ಪಸ್ವಲ್ಪವೇ ಏರಿಸುತ್ತಾರೆ. ಕಾಲಪ್ರಮಾಣ ಒಂದಿಷ್ಟೂ ಓಡದಂತೆ ಗಂಟೆಗಟ್ಟಲೆ ಹಿಡಿದು ನಿಲ್ಲಿಸುವ ಮೃದಂಗ, ಘಟ, ಖಂಜಿರ ವಾದಕರು ನಮ್ಮಲ್ಲಿ ಎಷ್ಟು ಜನ ಇಲ್ಲ! ಮನೋಧರ್ಮವನ್ನೆಲ್ಲ ಬದಿಗಿಟ್ಟು ಒಬ್ಬ ಮುದುಕರ ಹೆಜ್ಜೆಗೆ ಆದಿತಾಳ ಕಟ್ಟಿಕೊಡುವುದು ತನಿ ಆವರ್ತನಕ್ಕಿಂತ ಕೀಳು ಕೆಲಸವೇನಲ್ಲ.

ಸಂಶೋಧನೆಯ ಫಲವನ್ನು ಹೇಳುವಾಗ ಪ್ರಾಮಾಣಿಕತೆ ಬೇಕು. ಹೆಲ್ಸಿಂಕಿಯಲ್ಲಿ 60 ಮಂದಿ ಪಾರ್ಶ್ವವಾಯು ರೋಗಿಗಳನ್ನು ತೆಗೆದುಕೊಂಡು ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ತಿಂಗಳು ದಿನವೂ ಸಂಗೀತ ಕೇಳಿದವರ ಮಾತಿನ ನೆನಪೂ ಏಕಾಗ್ರತೆಯೂ ಉಳಿದವರಿಗಿಂತ ಚೆನ್ನಾಗಿ ಸುಧಾರಿಸಿದವು. ಆದರೆ 2017ರಲ್ಲಿ ಹೊರಬಂದ 9 ದೇಶಗಳ 364 ಆಟಿಸಂ ಮಕ್ಕಳ ಅಧ್ಯಯನದಲ್ಲಿ ಐದು ತಿಂಗಳ ಸಂಗೀತ ಚಿಕಿತ್ಸೆಯಿಂದ ಆಟಿಸಂ ಲಕ್ಷಣಗಳ ತೀವ್ರತೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಸಂಗೀತ ಆಟಿಸಂ ಅನ್ನು ಗುಣಪಡಿಸುತ್ತದೆ ಎಂದು ಯಾರಾದರೂ ಹೇಳಿ ಹಣ ಕೇಳಿದರೆ ತಂದೆತಾಯಂದಿರು ಎದ್ದು ಬರಬೇಕು. ಮಗು ಸಂಗೀತದಲ್ಲಿ ಸಂತೋಷ ಕಾಣುತ್ತದೆ, ಇನ್ನೊಬ್ಬರ ಜೊತೆ ಸೇರಿ ಒಂದು ಕೆಲಸ ಮಾಡುತ್ತದೆ ಎನ್ನುವುದಾದರೆ ಅದೇ ಸಾಕಷ್ಟು ಬೆಲೆಯುಳ್ಳದ್ದು. ಅದನ್ನು ಅಷ್ಟೇ ಎಂದು ಹೇಳುವ ಧೈರ್ಯ ಬೇಕು.

ಹೆಲ್ಸಿಂಕಿಯ ಅಧ್ಯಯನದಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು ಇನ್ನೊಂದು ವಿವರ: ಯಾವ ಸಂಗೀತ ಎಂಬುದನ್ನು ರೋಗಿಗಳೇ ಆರಿಸಿಕೊಂಡಿದ್ದರು. ಕೆ.ಆರ್. ಆಸ್ಪತ್ರೆಗೆ ಎಚ್.ಡಿ. ಕೋಟೆಯಿಂದ, ನಂಜನಗೂಡಿನಿಂದ, ಚಾಮರಾಜನಗರದ ಹಳ್ಳಿಗಳಿಂದ ಬರುವ ರೋಗಿಗೆ ಕಲ್ಯಾಣಿ, ಖರಹರಪ್ರಿಯ ಬಾಲ್ಯದ ಸದ್ದಲ್ಲ. ಅವರ ಕಿವಿಯಲ್ಲಿರುವುದು ಮಾದಪ್ಪನ ಕಂಸಾಳೆ, ನೀಲಗಾರರ ಮಂಟೇಸ್ವಾಮಿ ಪದ, ಸೋಬಾನೆ, ರಾಜ್‌ಕುಮಾರ್ ಸಿನಿಮಾದ ಹಾಡು. ಅಗ್ರಹಾರದ ಅಜ್ಜಿಗೆ ದೇವರನಾಮ, ಮೇಷ್ಟರಿಗೆ ಗಮಕ, ಮಂಡಿ ಮೊಹಲ್ಲಾದ ಹಿರಿಯರಿಗೆ ಕವ್ವಾಲಿ. ಮರೆವಿನ ಕಾಯಿಲೆಯಲ್ಲಿ ಮಕ್ಕಳ ಹೆಸರು ಅಳಿಸಿಹೋದ ಮೇಲೂ ಹರೆಯದ ಹಾಡು ಉಳಿದಿರುತ್ತದೆ. ಅದನ್ನು ಹುಡುಕಿ ತೆಗೆಯಬೇಕಾದರೆ ಮೈಸೂರಿನ ಸಂಗೀತ ಎಂದಾಗ ನಾವು ಯಾರನ್ನು ಒಳಗೆ ಸೇರಿಸಿಕೊಳ್ಳುತ್ತೇವೆ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ. ಕಂಸಾಳೆಯ ಕಲಾವಿದರಿಗೆ ಈ ಕೆಲಸದಲ್ಲಿ ವೀಣೆಯ ವಿದ್ವಾಂಸರಷ್ಟೇ ಸ್ಥಾನ ಸಿಗಬೇಕು.

ಈ ಊರಿಗೆ ಹೊಸದಲ್ಲ

ಮನಸ್ಸಿನ ಶಾಸ್ತ್ರವೂ ಸಂಗೀತವೂ ಮೈಸೂರಿನಲ್ಲಿ ಹಿಂದೆಯೇ ಒಟ್ಟಿಗೆ ಕೂತಿದ್ದವು. 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಆಕಾಶವಾಣಿ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರು. ಕನ್ನಡಿಗರ ಮನೆಗೆ ಹಾಡು ತಂದ ಬಾನುಲಿಯ ಹಿಂದೆ ಒಬ್ಬ ಮನೋವಿಜ್ಞಾನಿಯ ಕೈ ಇತ್ತು.

ಇನ್ನೊಂದು ನೆನಪು ಒಂದು ಕುಟುಂಬದ್ದು. ಸರೋದ್ ವಾದಕ ಪಂಡಿತ್ ರಾಜೀವ ತಾರಾನಾಥ್ ತಮ್ಮ ಬದುಕಿನ ಕೊನೆಯ ವರ್ಷಗಳನ್ನು ಮೈಸೂರಿನಲ್ಲಿ ಕಳೆದು, 2024ರ ಜೂನ್ 11ರಂದು ಇಲ್ಲಿಯೇ ತೀರಿಕೊಂಡರು. ಅವರಿಗೆ ಮೊದಲ ಪಾಠ ಹೇಳಿದ್ದು ತಂದೆ ಪಂಡಿತ ತಾರಾನಾಥರು. ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದವರು, ತುಂಗಭದ್ರಾ ತೀರದಲ್ಲಿ ಪ್ರೇಮಾಯತನ ಆಶ್ರಮ ನಡೆಸಿದವರು. ಆ ಒಬ್ಬ ಮನುಷ್ಯನಲ್ಲಿ ವೈದ್ಯನೂ ಸಂಗೀತಗಾರನೂ ಇಬ್ಬರೂ ಇದ್ದರು. ರೋಗಿಯ ನಾಡಿ ಹಿಡಿದ ಕೈಯೇ ತಬಲಾದ ಮೇಲೂ ಆಡುತ್ತಿತ್ತು. ಅಂಥವರು ಅಪರೂಪ, ಎಲ್ಲರಿಂದಲೂ ಅದನ್ನು ಕೇಳಲಾಗದು. ಆದರೆ ಇಬ್ಬರು ಬೇರೆ ಬೇರೆ ಜನ ಒಂದೇ ಕೋಣೆಯಲ್ಲಿ ಕೂರುವುದು ಅಷ್ಟು ಕಷ್ಟವಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಶಾಂತಲಾ ಹೆಗಡೆ ಸಂಗೀತ ಮತ್ತು ಮಿದುಳಿನ ಅಧ್ಯಯನಕ್ಕೆಂದೇ ಪ್ರಯೋಗಾಲಯ ನಡೆಸುತ್ತಿದ್ದಾರೆ, ತಲೆಗೆ ಪೆಟ್ಟುಬಿದ್ದವರ ಪುನಶ್ಚೇತನದಲ್ಲಿ ಸಂಗೀತದ ಬಳಕೆಯ ಬಗ್ಗೆ ಬರೆದಿದ್ದಾರೆ. ದಾರಿ ನೂರೈವತ್ತು ಕಿಲೋಮೀಟರೂ ಇಲ್ಲ.

ಅಡ್ಡಿ ಇರುವುದು ಕಾನೂನಿನಲ್ಲಿ ಮತ್ತು ಹಣದಲ್ಲಿ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆಯಡಿ ಸ್ಪೀಚ್ ಥೆರಪಿಸ್ಟ್, ಕ್ಲಿನಿಕಲ್ ಸೈಕಾಲಜಿಸ್ಟ್, ವಿಶೇಷ ಶಿಕ್ಷಕರಿಗೆಲ್ಲ ನೋಂದಣಿ ಉಂಟು. ಸಂಗೀತ ಚಿಕಿತ್ಸಕರು ಆ ಪಟ್ಟಿಯಲ್ಲಿ ಇಲ್ಲ. ಬ್ರಿಟನ್ನಿನಲ್ಲಿ ನೋಂದಣಿಯಿಲ್ಲದವರು ತಮ್ಮನ್ನು ಮ್ಯೂಸಿಕ್ ಥೆರಪಿಸ್ಟ್ ಎಂದು ಕರೆದುಕೊಂಡರೆ ಅಪರಾಧ. ಇಲ್ಲಿ ಯಾರು ಬೇಕಾದರೂ ಬೋರ್ಡು ಹಾಕಿಕೊಳ್ಳಬಹುದು. ಇದರಿಂದ ನಿಜವಾಗಿ ಕಲಿತು ಬಂದ ಹುಡುಗ ಹುಡುಗಿಯರಿಗೆ ಕೆಲಸ ಸಿಗುವುದಿಲ್ಲ, ಮೋಸ ಹೋದ ರೋಗಿಗೆ ಯಾರನ್ನು ಕೇಳಬೇಕೆಂದು ತಿಳಿಯುವುದಿಲ್ಲ. ಪ್ರಶಸ್ತಿ, ಅಕಾಡೆಮಿ, ದಸರಾ ಸಮಿತಿಗಳ ಮೂಲಕ ಸರ್ಕಾರದ ಹತ್ತಿರ ಓಡಾಡುವ ನಮ್ಮ ಹಿರಿಯ ವಿದ್ವಾಂಸರು ಈ ನೋಂದಣಿಯ ಮಾತನ್ನು ಮಂತ್ರಿಗಳ ಕಿವಿಗೆ ಹಾಕಲಿ.

ಸಭೆಗಳಿಗೂ ಒಂದು ಕೋರಿಕೆ. ಬರುವ ಗಣೇಶೋತ್ಸವದಲ್ಲಿ, ದಸರೆಯಲ್ಲಿ, ನಿಮ್ಮ ಸರಣಿಯ ಒಂದು ಕಛೇರಿಯನ್ನು ಇದಕ್ಕೆ ಮೀಸಲಿಡಿ. ಆ ದಿನದ ಟಿಕೆಟ್ಟು, ಪ್ರಾಯೋಜಕರ ಹಣ, ಸಾಧ್ಯವಾದರೆ ಕಲಾವಿದರ ಸಂಭಾವನೆಯ ಒಂದು ಪಾಲು ಸೇರಿಸಿ, ತರಬೇತಾದ ಒಬ್ಬ ಸಂಗೀತ ಚಿಕಿತ್ಸಕರಿಗೆ ಒಂದು ವರ್ಷದ ಸಂಬಳ ಕೊಡಿ. ಅವರು ಸ್ಪೀಚ್ ಥೆರಪಿಸ್ಟ್ ಜೊತೆಗೋ ನರರೋಗ ತಜ್ಞರ ಜೊತೆಗೋ ಕೂತು ಕೆಲಸ ಮಾಡಲಿ, ವರ್ಷದ ಕೊನೆಗೆ ಏನಾಯಿತು ಏನಾಗಲಿಲ್ಲ ಎಂದು ನಿಮ್ಮದೇ ವೇದಿಕೆಯ ಮೇಲೆ ಬಂದು ಹೇಳಲಿ. ವಿದ್ವಾಂಸರೇ, ವಿದುಷಿಯರೇ, ಆ ಕಛೇರಿಗೆ ಮೊದಲ ಒಪ್ಪಿಗೆ ನಿಮ್ಮದಾಗಲಿ.